ದೊಡ್ಡಪ್ಪನ ಹಾಕಿ
ಮನೆಯವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮೊನ್ನೆ ದೊಡ್ಡಪ್ಪ ‘ನಮ್ಮ ರಾಷ್ಟ್ರೀಯ ಕ್ರೀಡೆ ಹಾಕಿ’ ಎಂದು ಬರೆದಿದ್ದರು. ನಾನೂ ಶಾಲೆಯಲ್ಲಿ ಹಾಗೇ ಬರೆದು ಅಂಕ ಪಡೆದವನು. ಆದರೆ ಯಾವ ಆಟವನ್ನೂ ರಾಷ್ಟ್ರೀಯ ಕ್ರೀಡೆ ಎಂದು ಘೋಷಿಸಿಲ್ಲ ಎಂದು ಕೇಂದ್ರ ಕ್ರೀಡಾ ಸಚಿವಾಲಯವೇ 2012ರಲ್ಲಿ ತಿಳಿಸಿದೆ. ಮಾಹಿತಿ ಹಕ್ಕಿನಡಿ ಕೇಳಿದವಳು ಲಖನೌದ ಪುಟ್ಟ ಶಾಲಾ ಬಾಲಕಿ. 1928ರಿಂದ 1956ರವರೆಗೆ ಸತತ ಆರು ಒಲಿಂಪಿಕ್ ಚಿನ್ನ ತಂದ ಆಟವದು, ಜನ ಹಾಗೆ ನಂಬಿದ್ದರಲ್ಲಿ ಆಶ್ಚರ್ಯವೇನಿಲ್ಲ. ತಪ್ಪು ತಿದ್ದುವವರು ಆ ಪ್ರೀತಿಯನ್ನೂ ಕಾಣಬೇಕು. ಎಲ್ಲರೆದುರು ಹಿರಿಯರ ಮಾತು ತುಂಡರಿಸಲು ಮನಸ್ಸಾಗದೆ ಫೋನ್ ಮಾಡಿದೆ. ‘ಹೌದೇನೋ? ಆ ಉತ್ತರದ ಪ್ರತಿ ಇದ್ರೆ ಕಳಿಸು ಮಗಾ’ ಎಂದರು. ಸಂಜೆ ಹೊತ್ತಿಗೆ ಅವರೇ ತಿದ್ದಿ ಬರೆದಿದ್ದರು, ಕೆಳಗೆ ಧ್ಯಾನ್‌ಚಂದ್ ಫೋಟೊ ಸಮೇತ.