ಕನ್ನಡ ಶಾಲೆಗೂ ಬರಲಿ ವಿಶ್ವಸಂಸ್ಥೆ

ಪುಣೆ, ಬೆಂಗಳೂರು, ಹೈದರಾಬಾದಿನಂಥ ಶಹರಗಳ ಇಂಗ್ಲಿಷ್ ಮಾಧ್ಯಮ ಶಾಲೆಗಳಿಗೆ ‘ಮಾಡೆಲ್ ಯುಎನ್’ ಎಂಬ ಅಣಕು ವಿಶ್ವಸಂಸ್ಥೆ ಈಗ ಹೊಸದೇನಲ್ಲ. ಕೋಟು, ಟೈ ಹಾಕಿದ ಹುಡುಗ ಹುಡುಗಿಯರು ಒಂದೊಂದು ದೇಶದ ಫಲಕ ಮುಂದಿಟ್ಟುಕೊಂಡು ಎರಡು ಮೂರು ದಿನ ವಾದ ಮಾಡುತ್ತಾರೆ. ಠರಾವು ಬರೆಯುತ್ತಾರೆ, ಮತ ಹಾಕುತ್ತಾರೆ. ಮಾನವ ಹಕ್ಕುಗಳ ಮಂಡಳಿಯ ಕಲಾಪವೂ ಅದರಲ್ಲಿರುತ್ತದೆ. ಅಕ್ಕಲಕೋಟ, ಜತ್, ದಕ್ಷಿಣ ಸೊಲ್ಲಾಪುರ ತಾಲ್ಲೂಕುಗಳ ಕನ್ನಡ ಶಾಲೆಯ ಮಕ್ಕಳಿಗೆ ಇದು ದೂರದ ಮಾತು. ಪ್ರವೇಶ ಶುಲ್ಕ ಒಂದು ಅಡ್ಡಿ, ಇಂಗ್ಲಿಷ್ ಇನ್ನೊಂದು. ‘ನಮ್ಮ ಹುಡುಗ್ರಿಗೆ ಇದೆಲ್ಲ ಯಾಕ ಬೇಕ್ರಿ, ಮೆಟ್ರಿಕ್ ಪಾಸಾದ್ರ ಸಾಕು’ ಎನ್ನುವ ಪಾಲಕರೂ ಇದ್ದಾರೆ. ನಿಜಕ್ಕೂ ಇದು ಹೆಚ್ಚು ಬೇಕಿರುವುದು ಈ ಮಕ್ಕಳಿಗೇ.

ಗಡಿ ಶಾಲೆಗಳಲ್ಲಿ ಭಾಷಣ ಸ್ಪರ್ಧೆಗೇನೂ ಬರವಿಲ್ಲ. ಗುರುಗಳು ಬರೆದುಕೊಟ್ಟಿದ್ದನ್ನು ಬಾಯಿಪಾಠ ಮಾಡಿ, ಕೈ ಎತ್ತಿ ಇಳಿಸಿ ಒಪ್ಪಿಸಿದರೆ ಮುಗಿಯಿತು. ಮಾನವ ಹಕ್ಕು ಎಂಬ ವಿಷಯ ಕೊಟ್ಟರೆ ಇಪ್ಪತ್ತು ಮಕ್ಕಳೂ ಒಂದೇ ಭಾಷಣ ಮಾಡುತ್ತಾರೆ. ಹಕ್ಕು ಎಲ್ಲರಿಗೂ ಬೇಕು ಎಂದರೆ ಯಾರು ಬೇಡ ಅಂತಾರೆ? ಅಣಕು ವಿಶ್ವಸಂಸ್ಥೆಯಲ್ಲಿ ಈ ಬಾಯಿಪಾಠ ನಡೆಯುವುದಿಲ್ಲ. ಎದುರಿನ ‘ದೇಶ’ ಎದ್ದು ನಿಂತು ಪ್ರಶ್ನೆ ಕೇಳುತ್ತದೆ. ಅದಕ್ಕೂ ಮಿಗಿಲಾಗಿ, ತನಗೆ ಒಪ್ಪಿಗೆ ಇಲ್ಲದ ನಿಲುವನ್ನೂ ವಹಿಸಿಕೊಂಡು ಮಾತಾಡಬೇಕಾಗುತ್ತದೆ.

ನೀರಿನದೇ ಉದಾಹರಣೆ ತೆಗೆದುಕೊಳ್ಳಿ. 2010ರ ಜುಲೈ 28ರಂದು ವಿಶ್ವಸಂಸ್ಥೆಯ ಮಹಾಸಭೆ ಕುಡಿಯುವ ನೀರು ಮತ್ತು ನೈರ್ಮಲ್ಯವನ್ನು ಮಾನವ ಹಕ್ಕು ಎಂದು ಒಪ್ಪಿತು. ಠರಾವು ತಂದದ್ದು ಬೊಲಿವಿಯಾ. 2000ದಲ್ಲಿ ಅಲ್ಲಿನ ಕೊಚಬಾಂಬ ನಗರದ ಜನ ನೀರಿನ ಖಾಸಗೀಕರಣದ ವಿರುದ್ಧ ಬೀದಿಗೆ ಇಳಿದಿದ್ದರು. 122 ದೇಶಗಳು ಪರವಾಗಿ ನಿಂತವು, ಭಾರತವೂ ಅದರಲ್ಲಿತ್ತು. ವಿರೋಧವಾಗಿ ಒಂದೂ ಮತ ಬೀಳಲಿಲ್ಲ. ಆದರೆ ಅಮೆರಿಕ, ಬ್ರಿಟನ್, ಕೆನಡಾ ಸೇರಿ 41 ದೇಶಗಳು ತಟಸ್ಥವಾಗಿ ಉಳಿದವು. ಇಂಥ ಹಕ್ಕಿಗೆ ಈಗಿನ ಅಂತರರಾಷ್ಟ್ರೀಯ ಕಾನೂನಿನಲ್ಲಿ ಆಧಾರವಿಲ್ಲ, ಜಿನೀವಾದಲ್ಲಿ ಇದೇ ವಿಷಯದ ಕೆಲಸ ನಡೆದಿರುವಾಗ ಅವಸರ ಯಾಕೆ ಎಂಬುದು ಅಮೆರಿಕದ ವಾದವಾಗಿತ್ತು.

ಈಗ ಜತ್ ತಾಲ್ಲೂಕಿನ ಒಂಬತ್ತನೇ ವರ್ಗದ ಹುಡುಗಿಯೊಬ್ಬಳಿಗೆ ಅಮೆರಿಕದ ಫಲಕ ಸಿಕ್ಕಿತು ಅನ್ನಿ. ಬೇಸಿಗೆಯಲ್ಲಿ ಟ್ಯಾಂಕರ್ ಬರುವ ಹೊತ್ತಿಗೆ ಕೊಡ ಹಿಡಿದು ಓಡುವವಳು ಅವಳು. ಅವಳ ತಾಲ್ಲೂಕಿನ ನೀರಿನ ಕೂಗೇ 2022ರ ನವೆಂಬರಿನಲ್ಲಿ ಎರಡೂ ರಾಜ್ಯಗಳಲ್ಲಿ ದೊಡ್ಡ ಸುದ್ದಿಯಾಗಿತ್ತು. ಅಂಥವಳು ನೀರನ್ನು ಹಕ್ಕು ಎಂದು ಒಪ್ಪಲು ಹಿಂದೆಮುಂದೆ ನೋಡಿದ ದೇಶದ ಪರವಾಗಿ ಮಾತಾಡಬೇಕು. ಸಿಟ್ಟು ಬರುತ್ತದೆ, ಬರಲಿ. ಆದರೆ ಹಕ್ಕು ಅಂತ ಬರೆದ ಮೇಲೆ ಅದನ್ನು ಕೊಡಬೇಕಾದವರು ಯಾರು, ಖರ್ಚು ಯಾರದು, ಕೊಡದಿದ್ದರೆ ಕೇಳುವುದು ಎಲ್ಲಿ ಎಂಬ ಪ್ರಶ್ನೆಗಳು ಅವಳಿಗೆ ಅಲ್ಲಿಯೇ ಎದುರಾಗುತ್ತವೆ. ನಾಳೆ ಗ್ರಾಮಸಭೆಯಲ್ಲಿ ಎದ್ದು ನಿಂತಾಗ ಅವಳ ಮಾತಿಗೆ ತೂಕ ಬರುವುದು ಇದರಿಂದ.

ಒಂದು ಶಬ್ದಕ್ಕಾಗಿ ವಾದ ಮಾಡುವುದೂ ಸಣ್ಣ ಕೆಲಸವಲ್ಲ. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ ಮೊದಲ ಕಲಮಿನ ಕರಡಿನಲ್ಲಿ ‘ಎಲ್ಲ ಪುರುಷರು’ ಎಂಬ ಅರ್ಥ ಬರುವ ಇಂಗ್ಲಿಷ್ ಶಬ್ದವಿತ್ತು. ಭಾರತದ ಪ್ರತಿನಿಧಿ ಹಂಸಾ ಮೆಹತಾ ಅದಕ್ಕೆ ತಕರಾರು ತೆಗೆದು ‘ಎಲ್ಲ ಮಾನವರು’ ಎಂದಾಗುವಂತೆ ಮಾಡಿದರು. ಹೆಂಗಸರನ್ನು ಹೊರಗಿಡಲು ಆ ಶಬ್ದ ನೆಪವಾದೀತು ಎಂಬುದು ಅವರ ಅಂಜಿಕೆ.

ಶಹರದ ಸಮ್ಮೇಳನಗಳಲ್ಲಿ ದೋಷವಿಲ್ಲ ಅಂತಲ್ಲ. ಸರಾಗ ಇಂಗ್ಲಿಷ್ ಆಡುವವರಿಗೆ ಬಹುಮಾನ, ವಿಷಯ ತಿಳಿದವರು ಹಿಂದಿನ ಬೆಂಚಿಗೆ ಎಂಬಂಥ ಪ್ರಸಂಗಗಳೂ ಇವೆ. ಅಸಲಿ ವಿಶ್ವಸಂಸ್ಥೆಯಲ್ಲಿ ಆರು ಅಧಿಕೃತ ಭಾಷೆಗಳಿವೆ, ಪ್ರತಿನಿಧಿಯ ಕಿವಿಗೆ ದುಭಾಷಿಯ ದನಿ ಬೀಳುತ್ತಿರುತ್ತದೆ. ಅಣಕಿನಲ್ಲಿ ಮಾತ್ರ ಒಂದೇ ಭಾಷೆ ಯಾಕೆ? ದುಭಾಷಿ ಕೆಲಸ ಗಡಿಭಾಗದ ಮಕ್ಕಳಿಗೆ ಯಾರೂ ಕಲಿಸಬೇಕಿಲ್ಲ. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಮರಾಠಿ. ಅಜ್ಜನ ಹೊಲದ ಸಾತಬಾರಾ ಉತಾರ ಓದಿ ಕನ್ನಡದಲ್ಲಿ ಹೇಳುವವನು, ತಲಾಠಿ ಹೇಳಿದ್ದನ್ನು ಅಜ್ಜಿಗೆ ತಿಳಿಸುವವಳು ಇದೇ ಮಕ್ಕಳು. ಕನ್ನಡ ಮತ್ತು ಮರಾಠಿ ಶಾಲೆಗಳು ಕೂಡಿ ಒಂದು ಕಲಾಪ ನಡೆಸಿದರೆ ಇವರೇ ನಡುವೆ ಕೂತು ನಡೆಸಿಯಾರು.

ಹಾಗಂತ ಮೊದಲ ವರ್ಷವೇ ಗಡಿ ತಂಟೆಯನ್ನು ವಿಷಯವಾಗಿಡುವುದು ಬೇಡ. ಮಕ್ಕಳ ವಾದ ದೊಡ್ಡವರ ಘೋಷಣೆಯಾಗಲು ಹೊತ್ತು ಹಿಡಿಯುವುದಿಲ್ಲ. ನೀರು, ಬಾಲ್ಯವಿವಾಹ, ಕಬ್ಬು ಕಡಿಯಲು ಹೋಗುವವರ ಮಕ್ಕಳ ಶಿಕ್ಷಣ ಇವೆಯಲ್ಲ, ಅವುಗಳಿಂದ ಶುರುವಾಗಲಿ. ಭಾಷಾ ಹಕ್ಕು ಆಮೇಲೆ ಬರಲಿ. ಅಲ್ಪಸಂಖ್ಯಾತರ ಮಗುವಿಗೆ ತನ್ನ ಭಾಷೆ ಬಳಸುವ ಹಕ್ಕಿದೆ ಎಂದು 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 30ನೇ ಕಲಮು ಹೇಳುತ್ತದೆ. ಭಾರತ 1992ರಲ್ಲಿ ಇದನ್ನು ಒಪ್ಪಿದೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂಬ 350ಎ ಕಲಮು 1956ರಿಂದ ಸಂವಿಧಾನದಲ್ಲಿದೆ. ಆ ದಿನ ಕನ್ನಡ ಶಾಲೆಯ ಹುಡುಗನಿಗೆ ಸರ್ಕಾರದ ಪಕ್ಷ, ಮರಾಠಿ ಶಾಲೆಯವನಿಗೆ ಅಲ್ಪಸಂಖ್ಯಾತರ ಪಕ್ಷ ಕೊಟ್ಟು ನೋಡಬೇಕು.

ದುಡ್ಡಿನ ಮಾತು ದೊಡ್ಡದಲ್ಲ. ಹದಿನೈದು ಡೆಸ್ಕು, ದೇಶದ ಹೆಸರು ಬರೆದ ರಟ್ಟು, ಒಂದು ಗಂಟೆ ಸಾಕು. ಕೋಟು ಟೈ ಬೇಡ, ಶಾಲೆಯ ಗಣವೇಷವೇ ಚೆಂದ. ಸಾರ್ವತ್ರಿಕ ಘೋಷಣೆಯ ಕನ್ನಡ ಅನುವಾದ ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿಯಿಂದ ಪುಕ್ಕಟೆ ಸಿಗುತ್ತದೆ. ಘೋಷಣೆ ಅಂಗೀಕಾರವಾದ ಡಿಸೆಂಬರ್ 10 ಬರುವುದೂ ಶಾಲೆಗಳಲ್ಲಿ ಸ್ನೇಹ ಸಮ್ಮೇಳನದ ತಯಾರಿ ನಡೆಯುವ ಸುಮಾರಿಗೇ. ಸಿನಿಮಾ ಹಾಡಿನ ಕುಣಿತ ಒಂದೆರಡು ಕಡಿಮೆ ಮಾಡಿ ಅರ್ಧ ದಿನ ಇದಕ್ಕೆ ಕೊಡಲು ಮುಖ್ಯಾಧ್ಯಾಪಕರು ಈಗಲೇ ಪಾಲಕರ ಸಭೆಯಲ್ಲಿ ವಿಷಯ ಇಡಬಹುದು.