ಹೂವಿನ ಪಯಣ ಎಷ್ಟು ಹೊತ್ತು?

ಬೆಂಗಳೂರಿನಿಂದ ದೆಹಲಿಗೆ ಆಕಾಶಮಾರ್ಗ ಸುಮಾರು 1,700 ಕಿ.ಮೀ. ರೈಲಿನಲ್ಲಾದರೆ 2,200 ಕಿ.ಮೀ. ಮೀರಿದ ಹಾದಿ, ಸುಮಾರು ಒಂದೂವರೆ ದಿನದ ಪಯಣ. ವಿಮಾನ ಎರಡೂಮುಕ್ಕಾಲು ಗಂಟೆಯ ಆಸುಪಾಸಿನಲ್ಲಿ ಮುಟ್ಟಿಸುತ್ತದೆ. ದೊಡ್ಡಬಳ್ಳಾಪುರ, ದೇವನಹಳ್ಳಿ ಸೀಮೆಯ ಗುಲಾಬಿ ಬೆಳೆಗಾರರಿಗೆ ಇದೊಂದು ದೊಡ್ಡ ಅನುಕೂಲವೇ ಸರಿ.

ಆದರೆ ಹೂವಿನ ಪಯಣ ವಿಮಾನ ಹತ್ತಿದಾಗ ಆರಂಭವಾಗುವುದಿಲ್ಲ, ಕತ್ತರಿ ತಾಗಿದ ಗಳಿಗೆಯಿಂದಲೇ ಆರಂಭವಾಗುತ್ತದೆ. ತೋಟದಿಂದ ನಿಲ್ದಾಣಕ್ಕೆ ಸಾಗಣೆ, ಅಲ್ಲಿ ತೂಕ, ತಪಾಸಣೆ, ವಿಮಾನಕ್ಕಾಗಿ ಕಾಯುವುದು, ಇಳಿದ ಮೇಲೆ ಮಾರುಕಟ್ಟೆಗೆ ಒಯ್ಯುವುದು ಇವೆಲ್ಲ ಸೇರಿದರೆ ಹಾರಾಟಕ್ಕಿಂತ ನೆಲದ ಮೇಲಿನ ಹೊತ್ತೇ ಹೆಚ್ಚು. ಆ ಹೊತ್ತು ಬಿಸಿಲಿನಲ್ಲಿ ಕಳೆದರೆ ವಿಮಾನದ ಬಾಡಿಗೆ ತೆತ್ತೂ ಬೆಲೆ ಸಿಗದು.

ಆದ್ದರಿಂದ ಬೆಳೆಗಾರರು ವಿಮಾನ ಹೊರಡುವ ವೇಳೆಯಿಂದ ಹಿಂದಕ್ಕೆ ಎಣಿಸಿ ಕೊಯ್ಲಿನ ವೇಳೆ ಗೊತ್ತುಮಾಡಿಕೊಳ್ಳಬೇಕು. ತಂಪು ಹೊತ್ತಿನಲ್ಲಿ ಕೊಯ್ದು, ಕೂಡಲೇ ಶುದ್ಧ ನೀರಿನಲ್ಲಿಟ್ಟು, 2ರಿಂದ 4 ಡಿಗ್ರಿ ಸೆಲ್ಸಿಯಸ್ ಶೀತಕೋಣೆಯಲ್ಲಿ ತಣಿಸಿದ ಮೇಲೆಯೇ ಪೆಟ್ಟಿಗೆಗೆ ತುಂಬಬೇಕು. ಬಿಸಿಯಾಗಿರುವ ಹೂವನ್ನು ಅದುಮಿ ತುಂಬಿದರೆ ಒಳಗೇ ಬೆವರಿ ಕೆಡುತ್ತದೆ.

ಶೀತಕೋಣೆ, ಶೀತವಾಹನ ಒಬ್ಬ ಸಣ್ಣ ಹಿಡುವಳಿದಾರನ ಕೈಗೆ ಎಟಕುವಂಥವಲ್ಲ. ನಾಲ್ಕಾರು ಮಂದಿ ಕೂಡಿದರೆ ಸಾಧ್ಯ. 2020ರಲ್ಲಿ ಕೇಂದ್ರ ಸರ್ಕಾರ ಕೃಷಿ ಉಡಾನ್ ಯೋಜನೆಯನ್ನು ಸಾರಿತು. ಅದರ ಫಲ ಇಂಥವರಿಗೂ ಮುಟ್ಟಬೇಕಾದರೆ ಹೋಬಳಿಗೊಂದು ಶೀತಕೋಣೆ ಮೊದಲು ಏಳಬೇಕು. ಸರ್ಕಾರ ಇತ್ತ ಗಮನ ಹರಿಸಲಿ.