ಲಿಂಕ್ ಇದ್ದರೆ ಫೈಲ್ ಇದ್ದಂತಲ್ಲ

ನಮ್ಮ ತಂಡದಲ್ಲಿ ಅರ್ಧ ಜನ ಸಿಡ್ನಿಯಲ್ಲಿ, ಇನ್ನರ್ಧ ಮೆಲ್ಬರ್ನಿನಲ್ಲಿ. ರೆಕಾರ್ಡಿಂಗುಗಳೆಲ್ಲ ಇರೋದು ಸಿಡ್ನಿಯ ಒಂದು ಕಂಪ್ಯೂಟರಿನಲ್ಲಿ, ಎಲ್ಲರಿಗೂ ಹಂಚಿದ ಫೋಲ್ಡರಿನೊಳಗೆ. ಮೆಲ್ಬರ್ನಿನವರ ಹತ್ತಿರ ಇರೋದು ಅದಕ್ಕೊಂದು ಲಿಂಕ್ ಅಷ್ಟೇ.

ಲಿಂಕ್ ಅಂದರೆ ಬರೀ ವಿಳಾಸ. ಆದರೆ ವಿಂಡೋಸ್ ಅದನ್ನು ‘ಝಡ್ ಡ್ರೈವ್’ ಅಂತ ತೋರಿಸಿದ ಕೂಡಲೇ ನಮ್ಮ ಮನೆ ಕಪಾಟಿನ ಹಾಗೆ ಅನಿಸಿಬಿಡುತ್ತೆ. ಅಲ್ಲಿ ಡಿಲೀಟ್ ಒತ್ತಿದರೆ ಫೈಲು ಸಾಮಾನ್ಯವಾಗಿ ನಿಮ್ಮ ರೀಸೈಕಲ್ ಬಿನ್‌ಗೆ ಬರೋದಿಲ್ಲ, ಸಿಡ್ನಿಯಲ್ಲೇ ಅಳಿದುಹೋಗುತ್ತೆ. ಅಜ್ಜಿ ಹಾಡಿದ ಸೋಬಾನೆಯ ಒಂದೇ ಒಂದು ರೆಕಾರ್ಡಿಂಗ್ ಅದಾಗಿದ್ದರೆ? ಹಾಗಾಗಿ ಮೂಲ ಧ್ವನಿಯ ಫೋಲ್ಡರಿಗೆ ಓದುವ ಅನುಮತಿ ಮಾತ್ರ ಇರಲಿ, ಎಡಿಟಿಂಗಿಗೆ ಪ್ರತಿ ಇಳಿಸಿಕೊಳ್ಳಿ ಅನ್ನೋದು ನಮ್ಮ ವಾದ. ‘ನಮ್ಮವರ ಮೇಲೇ ನಂಬಿಕೆ ಇಲ್ವಾ?’ ಅಂತ ಕೇಳೋರಿದ್ದಾರೆ. ಇದೆ ಸ್ವಾಮಿ, ಆದರೂ ಬೆರಳು ಜಾರುತ್ತೆ.

ದೂರವೂ ಒಂದು ಕಾರಣ. ಎರಡು ನಗರಗಳ ನಡುವೆ ನೇರ ಗೆರೆಯಲ್ಲೇ ಸುಮಾರು 700 ಕಿಲೋಮೀಟರ್. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತೆ. ಹೋಗಿಬರೋಕೆ ಕನಿಷ್ಠ 7 ಮಿಲಿಸೆಕೆಂಡ್ ಬೇಕು. ಫೋಲ್ಡರ್ ಹಂಚುವ ಎಸ್‌ಎಂಬಿ ಪದ್ಧತಿಯೋ ಮಹಾ ಮಾತುಗಾರ, ಒಂದು ಫೈಲ್ ತೆರೆಯೋಕೂ ಹಲವು ಸಲ ಕೇಳಿ ಉತ್ತರ ಪಡೆಯುತ್ತೆ. ನೂರಾರು ತುಣುಕುಗಳಿದ್ದರೆ ನಿಮ್ಮ ಕಾಫಿ ಆರಿಹೋಗುತ್ತೆ. (ಇದೇ ಎಸ್‌ಎಂಬಿಯನ್ನು ಯುನಿಕ್ಸ್ ಯಂತ್ರಗಳಿಗೆ ತಂದ ‘ಸಾಂಬಾ’ ತಂತ್ರಾಂಶವನ್ನು ಆಂಡ್ರ್ಯೂ ಟ್ರಿಜೆಲ್ ಶುರುಮಾಡಿದ್ದು ಇವೆರಡು ಊರುಗಳ ನಡುವಿನ ಕ್ಯಾನ್‌ಬೆರಾದಲ್ಲಿ, 1990ರ ದಶಕದ ಆರಂಭದಲ್ಲಿ. ಸಾಂಬಾರಿಗೂ ಅದಕ್ಕೂ ಸಂಬಂಧವಿಲ್ಲ.)

ಇನ್ನು, ದೂರದಿಂದ ಸೇರೋಕೆ ಅಂತ ರೌಟರಿನಲ್ಲಿ 445ನೇ ಪೋರ್ಟ್ ತೆರೆದಿಡೋದು ಬೇಡವೇ ಬೇಡ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಹಬ್ಬಿದ್ದು ಅದೇ ಬಾಗಿಲಿನಿಂದ. ವಿಪಿಎನ್ ಹಾಕಿಕೊಂಡೇ ಒಳಗೆ ಬನ್ನಿ.